ಶಂಖದ ಕಾರಿಗೆ ಹಸಿ ಬಿದಿರು

ಕಾರಿನ ಹಿಂದಿನ ಸೀಟು ಬಿಚ್ಚಿದರೆ ಮನೆಯಲ್ಲಿ ಸಾವಾಗುತ್ತದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಆದರೂ ಎಪ್ಪತ್ತನಾಲ್ಕನೇ ಇಸವಿಯ ಮಾಗಿ ಚಳಿಯಲ್ಲಿ, ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಬೀದಿಯ ರಾಮಾಂಜಿನಪ್ಪ ತನ್ನ ಕಾರಿನ ಹಿಂದಿನ ಸೀಟು ಬಿಚ್ಚಿದ್ದಕ್ಕೆ ಸ್ಮಶಾನದಲ್ಲಿ ಗುಂಡಿ ತೋಡಿದರು. ಆ ಗುಂಡಿಗೆ ಕೊನೆಗೆ ಇಳಿದದ್ದು ಯಾರು ಎನ್ನುವುದನ್ನು ಕಣ್ಣಾರೆ ಕಂಡವರು ಈಗ ಹೆಚ್ಚು ಜನ ಉಳಿದಿಲ್ಲ. ನಾನು ಎದುರುಮನೆಯವನು. ನನ್ನ ಜಗಲಿಯಿಂದ ಅವರ ಅಂಗಳ ಪೂರ್ತಿ ಕಾಣುತ್ತಿತ್ತು. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಮೊದಲು ಕಾರಿನ ವಿಷಯ. ಅದು ಅಮೆರಿಕದ್ದು. ಬೆಂಗಳೂರಿನಲ್ಲಿ ರೇಸಿನ ಕುದುರೆ ಸಾಕಿದ್ದ ಆ ದೇಶದ ಸಾಹೇಬನೊಬ್ಬನಿಗೆ ರಾಮಾಂಜಿನಪ್ಪನ ಮಾವ ವೆಂಕಟರಾಮಪ್ಪನವರು ಹುರುಳಿ, ಹುಲ್ಲು ಒದಗಿಸುತ್ತಿದ್ದರು. ಸಾಹೇಬ ಊರಿಗೆ ಹೊರಟಾಗ ಕುದುರೆಗಳು ಮಾರಾಟವಾದವು, ಕಾರು ಆಗಲಿಲ್ಲ. ಇಂಜಿನ್ನು ಹಿಂದೆ, ಸಾಮಾನಿಡುವ ಜಾಗ ಮುಂದೆ, ಮೇಲೆ ತಗಡಿನ ಬದಲು ಕ್ಯಾನ್ವಾಸಿನ ಮುಸುಕು. ತಿರುಗುಮುರುಗಾಗಿ ಹುಟ್ಟಿದ ಇಂಥ ಕಾರನ್ನು ಯಾರು ಕೊಳ್ಳುತ್ತಾರೆ? ನೀನೇ ಇಟ್ಟುಕೋ ಎಂದು ಸಾಹೇಬ ಬೀಗದ ಕೈಯನ್ನು ವೆಂಕಟರಾಮಪ್ಪನವರ ಕೈಗೆ ಹಾಕಿ ವಿಮಾನ ಹತ್ತಿದ. ಅವರು ಅದನ್ನು ಕಿರಿಯ ಅಳಿಯ ರಾಮಾಂಜಿನಪ್ಪನಿಗೆ ಕೊಟ್ಟರು. ಕಾರಿನ ಜೊತೆಗೆ ತಾವೂ ಬಂದು ಅದೇ ಮನೆಯಲ್ಲಿ ನೆಲೆಸಿದರು.

ಕಾರಿನ ಹಿಂಬದಿಯ ಮುಚ್ಚಳ ಎತ್ತಿದರೆ ಇಂಜಿನ್ನಿನ ಮಗ್ಗುಲಲ್ಲಿ ಒಂದು ಶಂಖ ಕಾಣುತ್ತಿತ್ತು. ಕಬ್ಬಿಣದ್ದು, ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಸುರುಳಿ ಸುತ್ತಿಕೊಂಡದ್ದು. ಅದರ ಗುಟ್ಟನ್ನು ಮೆಕ್ಯಾನಿಕ್ ಮಸ್ತಾನ್ ಹೋಟೆಲಿನಲ್ಲಿ ಕೂತವರಿಗೆಲ್ಲ ಬಿಡಿಸಿ ಹೇಳುತ್ತಿದ್ದ. "ನೋಡಣ್ಣಾ, ಎಲ್ಲಾ ಕಾರು ಹೊಗೆ ಹೊರಗೆ ಬಿಡ್ತದೆ. ಇದು ಹೊಗೆಗೂ ಕೆಲಸ ಹಚ್ತದೆ. ಹೊಗೆ ಬಂದು ಶಂಖದಾಗೆ ಚಕ್ರ ತಿರುಗಿಸ್ತದೆ, ಚಕ್ರ ತಿರುಗಿ ಇಂಜಿನ್ನಿಗೆ ಗಾಳಿ ಊದ್ತದೆ. ಕಮ್ಮಾರನ ತಿದಿ ಇದ್ದಂಗೆ. ಒಂದೇ ತಕರಾರು. ಪೆಡಲ್ ಒತ್ತಿದ ತಕ್ಷಣ ಏಳಲ್ಲ. ಯೋಚನೆ ಮಾಡ್ತದೆ. ಎದ್ದ ಮೇಲೆ ಯಾರ ಮಾತೂ ಕೇಳಲ್ಲ."

ರಾಮಾಂಜಿನಪ್ಪನ ಸ್ವಭಾವದಲ್ಲಿ ಇದರ ಮೊದಲರ್ಧ ಪೂರ್ತಿಯಾಗಿತ್ತು. ಅವನು ಮಗ್ಗಕ್ಕೆ ಕೆಂಪು ನೂಲು ಹಾಕಬೇಕೋ ಹಸಿರು ನೂಲು ಹಾಕಬೇಕೋ ಎಂದು ನಿರ್ಧರಿಸುವ ಹೊತ್ತಿಗೆ ಹಬ್ಬ ಮುಗಿದಿರುತ್ತಿತ್ತು. ಹೀಗಾಗಿ ಶಂಖ ಎಚ್ಚರಗೊಳ್ಳುವಷ್ಟು ಪೆಡಲನ್ನು ಅವನು ಎಂದೂ ಒತ್ತಿದವನಲ್ಲ. ಆ ಕಾರಿನಿಂದ ನಿಜವಾದ ಉಪಯೋಗ ಆಗುತ್ತಿದ್ದದ್ದು ಮಾವನವರಿಗೆ. ದಿನಾ ಬೆಳಗ್ಗೆ ಅಂಗಳದಲ್ಲೇ ಇಂಜಿನ್ನು ಚಾಲೂ ಮಾಡಿಸಿ, ಹಿಂದಿನ ಸೀಟಿನ ಎಡಮೂಲೆಯಲ್ಲಿ ಕೂತು, ಬೆನ್ನಿಗೆ ಬಿಸಿ ಕೊಟ್ಟುಕೊಂಡು ಕಾಫಿ ಕುಡಿಯುತ್ತಿದ್ದರು. ನಾವು ನೀರೊಲೆಯ ಮುಂದೆ ಮಾಡುವ ಕೆಲಸವನ್ನು ಅವರು ಅಮೆರಿಕದ ಇಂಜಿನ್ನಿನ ಮುಂದೆ ಮಾಡುತ್ತಿದ್ದರು. ಆ ಮೂಲೆಯಲ್ಲಿ ಸೀಟು ಅವರ ಮೈಯ ಅಳತೆಗೇ ತಗ್ಗು ಬಿದ್ದಿತ್ತು. ಬೇರೆ ಯಾರು ಕೂತರೂ ಒಂದು ಕಡೆಗೆ ವಾಲುತ್ತಿದ್ದರು.

ಹೀಗೆ ನಡೆಯುತ್ತಿದ್ದ ಸಂಸಾರವನ್ನು ಕೆಡಿಸಿದ್ದು ಒಂದು ಕೈ.

ವೆಂಕಟರಾಮಪ್ಪನವರ ಹಿರಿಯ ಅಳಿಯ ಆದಿನಾರಾಯಣಪ್ಪ, ದೊಡ್ಡಬೆಳವಂಗಲದ ರೇಷ್ಮೆಗೂಡಿನ ವ್ಯಾಪಾರಿ, ಹೊಸ ಅಂಬಾಸಿಡರ್ ಕಾರು ತಂದಿದ್ದ. ಒಂದು ಭಾನುವಾರ ರಾಜಘಟ್ಟದ ಹತ್ತಿರ ಈ ಷಡ್ಡಕರಿಬ್ಬರ ಕಾರುಗಳೂ ಒಂದೇ ದಾರಿಗೆ ಬಿದ್ದವು. ರಾಮಾಂಜಿನಪ್ಪ ಮಾವನವರನ್ನು ಹಿಂದೆ ಕೂರಿಸಿಕೊಂಡು, ಎತ್ತಿನ ಗಾಡಿಯೊಂದನ್ನು ದಾಟಬೇಕೋ ಬೇಡವೋ ಎಂದು ವಿಚಾರ ಮಾಡುತ್ತ ಹೋಗುತ್ತಿದ್ದ. ಅಂಬಾಸಿಡರ್ ಗಾಡಿಯನ್ನೂ ಇವರನ್ನೂ ಒಟ್ಟಿಗೆ ದಾಟಿತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆದಿನಾರಾಯಣಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ, ಅಂಗೈ ಕೆಳಗೆ ಮಾಡಿ, ಮಕ್ಕಳನ್ನು ಮಲಗಿಸುವವನ ಹಾಗೆ ಆಡಿಸಿದ. ನಿಧಾನವಾಗಿ ಬನ್ನಿ ಎಂದು.

ಮಾವನವರು ಬಾಶೆಟ್ಟಿಹಳ್ಳಿ ದಾಟಿದ ಮೇಲೆ ಕೇಳಿದರು.

"ಅವನು ಕೈ ಆಡಿಸಿದ್ನೇನೋ ರಾಮಾಂಜಿ?"

"ಬೀಡಿ ಬೂದಿ ಕೊಡವಿರಬೇಕು ಮಾವಯ್ಯ."

"ಅವನು ಬೀಡಿ ಸೇದಲ್ಲ."

ಮನೆಗೆ ಬಂದ ಮೇಲೆ ಆ ಮಾತು ಮತ್ತೆ ಬರಲಿಲ್ಲ. ಆದರೆ ಮರುದಿನ ಕಾಫಿ ಕುಡಿಯುವಾಗ ಮಾವನವರು ಒಬ್ಬರೇ ಕೂತು ಅಂಗೈ ಕೆಳಗೆ ಮಾಡಿ ಆಡಿಸಿ ನೋಡಿಕೊಳ್ಳುತ್ತಿದ್ದದ್ದನ್ನು ನಾನು ಕಂಡೆ. ರಾಮಾಂಜಿನಪ್ಪನೂ ಕಂಡ. ಅವತ್ತೇ ಅವನು ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ, ಆದಿನಾರಾಯಣಪ್ಪನೂ ಕೂತಿದ್ದಾಗ, ಯಾರೂ ಕೇಳದೆಯೇ ಘೋಷಿಸಿಬಿಟ್ಟ.

"ದೇವನಹಳ್ಳಿ ಆಚೆ ಹಳೇ ವಿಮಾನದ ಪಟ್ಟಿ ಮೇಲೆ ಕಾರಿನ ಓಟ ಇಟ್ಟವ್ರಂತೆ. ಎರಡು ಫರ್ಲಾಂಗು, ನೇರ. ನಾನು ಸೇರ್ತಿದ್ದೀನಿ."

ಆದಿನಾರಾಯಣಪ್ಪ ಇಡ್ಲಿ ಮುರಿದುಕೊಂಡು ಹೇಳಿದ. "ಸೇರಪ್ಪ. ನಾನೂ ಸೇರ್ತೀನಿ. ನಿನ್ನ ಕಾರು ಹೊರಡೋ ಹೊತ್ತಿಗೆ ನಾನು ಆ ಕಡೆ ಹೋಗಿ ಹೆಂಗಸರಿಗೆ ಊಟ ಬಡಿಸ್ತಿರ್ತೀನಿ."

ಹೋಟೆಲು ನಕ್ಕಿತು. ಹೋಟೆಲು ನಕ್ಕಿದ್ದನ್ನು ಊರು ಸಂಜೆಯೊಳಗೆ ನಕ್ಕಿತು.

ಈಗ ಕಾರನ್ನು ಓಟಕ್ಕೆ ಸಜ್ಜು ಮಾಡಬೇಕೋ ಬೇಡವೋ ಎಂಬ ಪ್ರಶ್ನೆ ಹುಟ್ಟಿತು. ಮಸ್ತಾನನ ತೀರ್ಪು ಸುಲಭವಾಗಿತ್ತು. "ಭಾರ ಇಳಿಸು ಅಣ್ಣಾ. ಮುಸುಕು ತೆಗಿ, ಡೋರು ತೆಗಿ, ಹಿಂದಿನ ಸೀಟು ತೆಗಿ. ಹಿಂದಿನ ಸೀಟೇ ಇಬ್ಬರು ಗಂಡಸರ ತೂಕ ಐತೆ."

"ಅದು ಮಾವನವರ ಸೀಟು ಕಣೋ."

"ಓಟದಾಗೆ ಮಾವ ಯಾಕೆ?"

ಮಾತು ಸರಿಯಾಗಿಯೇ ಇತ್ತು. ಆದರೆ ಆ ಸೀಟನ್ನು ಕೀಳುವುದೆಂದರೆ ಹೆಂಡತಿಯ ತಂದೆಯನ್ನು ಮನೆಯಿಂದ ಹೊರಗೆ ಹಾಕಿದಂತೆಯೇ. ಕೀಳದಿದ್ದರೆ ಆ ಕೈ ಕಣ್ಣ ಮುಂದೆ ಆಡುತ್ತಲೇ ಇರುತ್ತದೆ. ರಾಮಾಂಜಿನಪ್ಪ ಬೆಳಗ್ಗೆ ಎರಡು ಬೋಲ್ಟು ಬಿಚ್ಚುತ್ತಿದ್ದ, ಸಂಜೆ ಅದನ್ನೇ ಬಿಗಿಯುತ್ತಿದ್ದ. ಕೊನೆಗೆ ಸಪ್ಪಲಮ್ಮನ ಗುಡಿಗೆ ಹೋಗಿ ಹೂ ಕೇಳಿದ. ಬಲಕ್ಕೆ ಬಿದ್ದರೆ ಕೀಳುವುದು, ಎಡಕ್ಕೆ ಬಿದ್ದರೆ ಬಿಡುವುದು. ಅಮ್ಮನ ನೆತ್ತಿಯಿಂದ ಹೂವು ನೇರವಾಗಿ ಜಾರಿ ದೀಪದೊಳಗೆ ಬಿದ್ದು ಚುರ್ ಎಂದಿತು. ಪೂಜಾರಿ ಬಹಳ ಹೊತ್ತು ದೀಪವನ್ನೇ ನೋಡಿ ಹೇಳಿದ. "ಅಮ್ಮನಿಗೆ ಕಾರಿನ ವಿಚಾರ ಅಷ್ಟಾಗಿ ಬರೋಲ್ಲ ಕಣಪ್ಪ. ಬೇರೆ ಏನಾದ್ರೂ ಕೇಳು."

ಈ ಕಗ್ಗಂಟನ್ನು ಬಿಡಿಸಿದ್ದು ಮಾವನವರ ಕಾಲು. ಹಿರಿಯ ಮಗಳು ಮುನಿಗಂಗಮ್ಮನನ್ನು ನೋಡಿ ಬರುತ್ತೇನೆಂದು ಅವರು ಬಸ್ಸು ಹತ್ತಿ ದೊಡ್ಡಬೆಳವಂಗಲಕ್ಕೆ ಹೋದರು. ಬಸ್ಸು ಮರೆಯಾಗುವ ಮೊದಲೇ ಮಸ್ತಾನ್ ಸ್ಪಾನರು ಹಿಡಿದು ಅಂಗಳದಲ್ಲಿದ್ದ. ಓಟ ಬರುವ ಭಾನುವಾರ. ಅವರು ಬರುವುದು ಸೋಮವಾರ. ಅಷ್ಟರಲ್ಲಿ ಓಡಿ, ಗೆದ್ದು, ಸೀಟನ್ನು ಇದ್ದ ಹಾಗೆ ಕೂರಿಸಿದರೆ ಯಾರಿಗೂ ತಿಳಿಯುವುದಿಲ್ಲ. ಹೆಂಡತಿ ಮುನಿರತ್ನಮ್ಮನಿಗೆ ರಾಮಾಂಜಿನಪ್ಪ ಹೇಳಿದ್ದು ಇಷ್ಟೇ, "ಸೈಲೆನ್ಸರ್ ರಿಪೇರಿ."

ಸೀಟು ಹೊರಗೆ ಬಂತು. ಮುಸುಕು ಹೋಯಿತು. ಆಗ ಮಸ್ತಾನ್ ಎರಡು ಹೊಸ ವಿಷಯ ತೆಗೆದ. ಒಂದು, ಓಟದವರ ಕಾನೂನು: ಮುಸುಕಿಲ್ಲದ ಕಾರಿಗೆ ಕೂರುವವನ ತಲೆಯ ಮೇಲೆ ಗಟ್ಟಿಯಾದ ಕಮಾನು ಇರಬೇಕು, ಮಗುಚಿದರೆ ತಲೆ ಉಳಿಯಲಿ ಎಂದು. ಕಬ್ಬಿಣ ಬಗ್ಗಿಸುವ ಮೊದಲು ಅಳತೆಗೆ ಬಿದಿರಿನಲ್ಲಿ ಬಗ್ಗಿಸಿ ನೋಡಬೇಕು. ಹಸಿ ಬಿದಿರಾದರೆ ಚೆನ್ನಾಗಿ ಬಾಗುತ್ತದೆ. ಎರಡು, ಶಂಖ ಕೂಗಿದರೆ ಕೆಂಡವಾಗುತ್ತದೆ. ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಮೇಲಿನಿಂದ ತಣ್ಣೀರು ತೊಟ್ಟಿಕ್ಕಿಸಬೇಕು. ಅದಕ್ಕೊಂದು ಹೊಸ ಮಡಕೆ.

ಬುಧವಾರ ಬೆಳಗ್ಗೆ ಎಲ್ಲರೂ ನೋಡುತ್ತಿದ್ದಂತೆ ರಾಮಾಂಜಿನಪ್ಪನ ಅಂಗಳಕ್ಕೆ ಹಸಿ ಬಿದಿರು ಬಂತು. ಹಿಂದೆಯೇ ಮಸ್ತಾನ್ ಹೊಸ ಮಡಕೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಜನ ಸತ್ತವರನ್ನು ಮಲಗಿಸಿ ಹೊರುವುದಿಲ್ಲ, ಕೂರಿಸಿ ಹೊರುತ್ತಾರೆ. ಹಸಿ ಬಿದಿರಿನ ಚಟ್ಟ, ಅದರ ಮೇಲೆ ತಲೆಗಿಂತ ಎತ್ತರಕ್ಕೆ ಬಾಗಿಸಿದ ಬಿದಿರಿನ ಕಮಾನು, ಮುಂದೆ ಹೊಸ ಮಡಕೆ. ಮದುವೆಗೂ ಅಲ್ಲ, ಚಪ್ಪರಕ್ಕೂ ಅಲ್ಲ, ಬುಧವಾರದ ದಿನ ಇವೆರಡೂ ಒಂದೇ ಮನೆಗೆ ಬಂದರೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಪಕ್ಕದ ಮನೆಯ ಅಮ್ಮಯಮ್ಮ ಕಸಪೊರಕೆಯನ್ನು ಅಲ್ಲೇ ಬಿಟ್ಟಳು. ನನ್ನ ಜಗಲಿಗೆ ಬಂದು ತಗ್ಗಿದ ದನಿಯಲ್ಲಿ, "ಯಾವಾಗಂತೆ?" ಎಂದಳು.

"ಏನು ಯಾವಾಗ?"

"ನಿಮಗೂ ಹೇಳಿಲ್ವಾ? ಪಾಪ, ವೆಂಕಟರಾಮಪ್ಪ. ಮಗಳ ಮನೆಗೆ ಹೋಗಿ ಅಲ್ಲಿ ತೀರ್ಕಂಡ್ರು. ಎಂಥಾ ಮನುಷ್ಯ. ಇಲ್ಲಿಂದ ಹೋಗೋವಾಗ ನಂಗೆ ಕೈ ಆಡಿಸಿ ಹೋದ್ರು ಕಣಣ್ಣ."

ಆ ಕೈ ಯಾವ ಅಭ್ಯಾಸದ್ದು ಎಂದು ನನಗೆ ಗೊತ್ತಿತ್ತು, ಆದರೆ ಹೇಳಲು ಬಿಡಬೇಕಲ್ಲ. ಅವಳು ಆಗಲೇ ನಾಲ್ಕನೇ ಮನೆಯಲ್ಲಿದ್ದಳು. ಮಗ್ಗಗಳು ಒಂದೊಂದಾಗಿ ನಿಂತವು. ಸಾವಿನ ದಿನ ಬೀದಿಯಲ್ಲಿ ಮಗ್ಗ ಆಡಿಸುವುದಿಲ್ಲ. ಮಗ್ಗದ ಸದ್ದು ನಿಂತದ್ದನ್ನು ಕೇಳಿ ಮುನಿರತ್ನಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಬಿದಿರು ನೋಡಿದಳು. ಮಡಕೆ ನೋಡಿದಳು. ಹೊರಗೆ ಬಿದ್ದಿದ್ದ ಅಪ್ಪನ ಸೀಟನ್ನೂ ನೋಡಿದಳು.

"ಏನ್ರೀ ಆಯ್ತು?" ಎಂದಳು.

ಕಾರಿನ ಕೆಳಗಿನಿಂದ ರಾಮಾಂಜಿನಪ್ಪ ತಲೆ ಹೊರಗೆ ಹಾಕಿದ. ಓಟದ ಗುಟ್ಟು ಬಯಲಾಯಿತೆಂದು ಅವನ ಮುಖ ಬಿಳುಪಾಗಿತ್ತು. "ಏನೂ ಆಗಿಲ್ಲ ಕಣೆ," ಎಂದ.

ಅಲ್ಲಿಗೆ ಮುಗಿಯಿತು. ನಮ್ಮ ಕಡೆ ತವರಿನ ಸಾವನ್ನು ಹೆಣ್ಣುಮಗಳಿಗೆ ನೇರವಾಗಿ ಹೇಳುವ ರೂಢಿಯೇ ಇಲ್ಲ. "ಏನೂ ಆಗಿಲ್ಲ, ಸ್ವಲ್ಪ ಹುಷಾರಿಲ್ಲವಂತೆ, ಎರಡು ಸೀರೆ ಇಟ್ಕೊಂಡು ಹೊರಡು" ಎಂದೇ ಹೇಳುವುದು. ಏನೂ ಆಗಿಲ್ಲ ಎಂದು ಗಂಡ ಹೇಳಿದನೆಂದರೆ ಆಗಬೇಕಾದದ್ದು ಆಗಿದೆ ಎಂದೇ ತಿಳಿಯಬೇಕು. ಮುನಿರತ್ನಮ್ಮ ಹೊಸ್ತಿಲ ಮೇಲೆ ಕುಸಿದು ಕೂತು, "ಅಪ್ಪಾ, ನನ್ನೊಂದು ಮಾತು ಆಡಿಸದೆ ಹೋದೆಯಲ್ಲೋ" ಎಂದು ಶುರುಮಾಡಿದಳು.

"ಲೇ, ಮಾವಯ್ಯನಿಗೆ ಏನಾಗಿದೆ? ಗಟ್ಟಿಯಾಗವ್ರೆ."

"ಹಂಗೇ ಹೇಳ್ತಾರಪ್ಪ, ಹಂಗೇ ಹೇಳಬೇಕು," ಎಂದು ಅಮ್ಮಯಮ್ಮ ಅವನನ್ನು ಮೆಚ್ಚಿಕೊಂಡಳು. "ಅವಳಿಗೆ ಧೈರ್ಯ ಬೇಕಲ್ಲ."

"ನಿಜವಾಗಿ ಬದುಕವ್ರೆ ಅಮ್ಮಯ್ಯ."

"ಎಲ್ಲರ ಮನಸ್ಸಿನಾಗೂ ಬದುಕವ್ರೆ."

ರಾಮಾಂಜಿನಪ್ಪ ಎಷ್ಟು ಸಲ ಇಲ್ಲ ಎಂದನೋ ಅಷ್ಟು ಸಲ ಅಳು ಜೋರಾಯಿತು. ಇದು ಸೈಲೆನ್ಸರ್ ರಿಪೇರಿ ಎಂದ; ದುಃಖಕ್ಕೆ ತಲೆ ಕೆಟ್ಟಿದೆ ಎಂದು ಹೆಂಗಸರು ಮರುಗಿದರು. ಆ ಹೊತ್ತಿಗೆ ಸ್ಮಶಾನ ನೋಡಿಕೊಳ್ಳುವ ಸೊಣ್ಣಪ್ಪ ಗುದ್ದಲಿ ಹೊತ್ತು ಬಂದ. ಸೊಣ್ಣಪ್ಪ ಕೆಲಸದಲ್ಲಿ ಚುರುಕು. ಬರುವ ಮೊದಲೇ ಕೆಲಸ ಮುಗಿಸಿದ್ದ.

"ಹೊಂಗೆಮರದ ನೆರಳಾಗೆ ತೋಡಿಸಿದ್ದೀನಿ ಯಜಮಾನ್ರೇ. ಕುಂತ ಹೆಣಕ್ಕೆ ಸರಿಯಾದ ಆಳ. ಯಾವಾಗ ತರ್ತೀರಿ?"

"ತರೋದಿಲ್ಲಯ್ಯ. ಯಾರೂ ಸತ್ತಿಲ್ಲ."

ಸೊಣ್ಣಪ್ಪ ಗುದ್ದಲಿಯನ್ನು ಕೆಳಗಿಟ್ಟ. "ಹಂಗಂದ್ರೆ ಹೆಂಗೆ? ತೋಡಿದ ಗುಂಡಿನ ಖಾಲಿ ಮುಚ್ಚೋ ಹಂಗಿಲ್ಲ. ಬಾಯಿ ತೆರಕೊಂಡು ಕಾಯ್ತಾ ಇರ್ತದೆ. ಯಾರನ್ನಾದ್ರೂ ಕೇಳ್ತದೆ. ಯಾರೋ ಒಬ್ಬರು ಹೋಗಲೇಬೇಕು."

ಯಾರೋ ಒಬ್ಬರು ಎಂದಾಗ ಅಂಗಳದಲ್ಲಿದ್ದವರೆಲ್ಲ ರಾಮಾಂಜಿನಪ್ಪನನ್ನೇ ನೋಡಿದರು.

ಇತ್ತ ಹೀಗಾದರೆ ಅತ್ತ ದೊಡ್ಡಬೆಳವಂಗಲದಲ್ಲಿ ಇನ್ನೊಂದು ನಡೆದಿತ್ತು. ಬೆಳಗಿನ ಬಸ್ಸಿನಲ್ಲಿ ಹೋದವನೊಬ್ಬ ಆದಿನಾರಾಯಣಪ್ಪನ ಮಂಡಿಯಲ್ಲಿ, "ನಿಮ್ಮ ಷಡ್ಡಕರ ಮನೆಗೆ ಹಸಿ ಬಿದಿರು, ಹೊಸ ಮಡಕೆ ಬಂದವೆ. ಬೀದಿನಾಗೆ ಮಗ್ಗ ನಿಂತವೆ" ಎಂದಿದ್ದ. ವೆಂಕಟರಾಮಪ್ಪನವರು ಒಳಗೆ ಕೂತು ರಾಗಿರೊಟ್ಟಿ ತಿನ್ನುತ್ತಿದ್ದರು. ಆದ್ದರಿಂದ ಅಲ್ಲಿಯ ಲೆಕ್ಕದಲ್ಲಿ ಸತ್ತವನು ರಾಮಾಂಜಿನಪ್ಪನೇ ಆಗಬೇಕು. ಮುನಿಗಂಗಮ್ಮ ಅಪ್ಪನ ಬಳಿ ಬಂದು, "ಏನೂ ಆಗಿಲ್ಲ ಅಪ್ಪ, ರಾಮಾಂಜಿಗೆ ಸ್ವಲ್ಪ ಹುಷಾರಿಲ್ಲವಂತೆ, ಹೊರಡು" ಎಂದಳು. ಅಷ್ಟು ಕೇಳಿದ್ದೇ ವೃದ್ಧರು ರೊಟ್ಟಿ ಕೆಳಗಿಟ್ಟು ಕಣ್ಣೊರೆಸಿಕೊಂಡರು.

ಅಂಬಾಸಿಡರ್ ನಮ್ಮ ಬೀದಿಗೆ ಬಂದು ನಿಂತಾಗ ಮುನಿಗಂಗಮ್ಮ ಬಾಗಿಲು ತೆರೆಯುವ ಮೊದಲೇ ಅಳುತ್ತಿದ್ದಳು. ಮುನಿರತ್ನಮ್ಮ ಓಡಿಬಂದು ಅಕ್ಕನನ್ನು ತಬ್ಬಿದಳು. ಅಕ್ಕ ಅತ್ತದ್ದು ತಂಗಿಯ ಗಂಡನಿಗಾಗಿ, ತಂಗಿ ಅತ್ತದ್ದು ಅಪ್ಪನಿಗಾಗಿ. ಇಬ್ಬರೂ ಒಬ್ಬರ ಭುಜದ ಮೇಲೆ ಒಬ್ಬರು ತಲೆಯಿಟ್ಟು ಒಂದೇ ರಾಗದಲ್ಲಿ ಅತ್ತರು.

"ಇನ್ನು ಯಾರ ಮುಖ ನೋಡ್ಕಂಡು ಇರ್ಲಕ್ಕಾ?"

"ನಾನಿಲ್ವೇನೇ, ಅಪ್ಪ ಇಲ್ವೇನೇ?"

"ಅಪ್ಪ ಎಲ್ಲಿದ್ದಾನಕ್ಕಾ?"

"ಕಾರಿನಿಂದ ಇಳೀತವ್ನೆ."

ಮುನಿರತ್ನಮ್ಮ ತಲೆ ಎತ್ತಿದಳು. ವೆಂಕಟರಾಮಪ್ಪನವರು ಕೋಲೂರಿ ಇಳಿದು, ಪಂಚೆ ಸರಿಮಾಡಿಕೊಂಡು ನಿಂತಿದ್ದರು. ಅದೇ ಹೊತ್ತಿಗೆ ಗಲಾಟೆ ಏನೆಂದು ರಾಮಾಂಜಿನಪ್ಪ ಮತ್ತೆ ಕಾರಿನ ಕೆಳಗಿನಿಂದ, ಮೈತುಂಬ ಮಸಿ ಹಚ್ಚಿಕೊಂಡು ಹೊರಬಂದ. ಮಾವ ಅಳಿಯನನ್ನು ನೋಡಿದರು. ಅಳಿಯ ಮಾವನನ್ನು ನೋಡಿದ. ಅಮ್ಮಯಮ್ಮ ಇಬ್ಬರನ್ನೂ ನೋಡಿ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟಳು.

"ನೀನಿದ್ದೀಯೇನೋ?" ಎಂದರು ಮಾವ.

"ಇದ್ದೀನಿ ಮಾವಯ್ಯ. ನೀವು?"

"ನಂಗೇನಾಗಿತ್ತು?"

ಬಂದವರಲ್ಲಿ ಕೆಲವರಿಗೆ, ಮಗ್ಗ ನಿಲ್ಲಿಸಿ ಬಂದದ್ದಕ್ಕೆ, ಇಬ್ಬರೂ ಬದುಕಿರುವುದು ಸ್ವಲ್ಪ ಅತಿಯಾಯಿತು ಎನಿಸಿದಂತಿತ್ತು. ಆಮೇಲೆ ವೃದ್ಧರ ಕಣ್ಣು ಅಂಗಳ ಸುತ್ತಿತು. ಬಿದಿರು, ಕಮಾನು, ಮಡಕೆ. ಕೊನೆಗೆ ಗೋಡೆಯ ಪಕ್ಕ ಬಿದ್ದಿದ್ದ ಸೀಟು. ಅದರ ಎಡಮೂಲೆಯ ತಗ್ಗಿನಲ್ಲಿ ಒಂದು ಕೋಳಿ ಕೂತಿತ್ತು.

ಆದಿನಾರಾಯಣಪ್ಪ ಸಮಯ ಬಿಡುವವನಲ್ಲ. "ನೋಡಿದ್ರಾ ಮಾವ? ನೀವು ಬಸ್ಸು ಹತ್ತಿದ್ದೇ ತಡ, ಸೀಟು ಕಿತ್ತು ಎಸೆದವ್ನೆ. ನನ್ನ ಮುಂದೆ ಓಡಬೇಕಂತೆ. ಅದಕ್ಕೆ ನಿಮ್ಮ ಜಾಗ ಬೇಕಿತ್ತು."

ಆಗ ಎಲ್ಲರ ಬಾಯೂ ಒಟ್ಟಿಗೆ ಬಿಚ್ಚಿತು. ಸೈಲೆನ್ಸರ್ ಅಂದ್ರಲ್ರೀ ಎಂದು ಮುನಿರತ್ನಮ್ಮ. ಸುಮ್ಮನೆ ಅತ್ತೆನಲ್ಲ ಎಂದು ಮುನಿಗಂಗಮ್ಮ. ಗುಂಡಿಗೇನು ಮಾಡ್ಲಿ ಎಂದು ಸೊಣ್ಣಪ್ಪ. ಓಟವೂ ಬೇಡ, ಆಟವೂ ಬೇಡ, ಈಗಿಂದೀಗಲೇ ಸೀಟು ಹಾಕು ಎಂದು ಇಡೀ ಬೀದಿ. ರಾಮಾಂಜಿನಪ್ಪ ಜೀವಮಾನದಲ್ಲೇ ಮೊದಲ ಸಲ ಥಟ್ಟನೆ ತೀರ್ಮಾನಿಸಿದ. ಸ್ಪಾನರು ಎತ್ತಿಕೊಂಡು, "ಹಾಕ್ಬಿಡ್ತೀನಿ ಮಾವಯ್ಯ. ತಪ್ಪಾಯ್ತು. ಓಟಕ್ಕೆ ಹೋಗಲ್ಲ" ಎಂದ.

ವೆಂಕಟರಾಮಪ್ಪನವರು ಕೋಲಿನಿಂದ ಕಮಾನನ್ನು ತಟ್ಟಿ ನೋಡಿದರು. ಕಾರಿನೊಳಗೆ ಬಗ್ಗಿ, ಸೀಟಿದ್ದ ಜಾಗದ ಬರೀ ತಗಡನ್ನೂ ನೋಡಿದರು.

"ಆ ಕೋಳಿನ ಎಬ್ಬಿಸಬೇಡ. ಸೀಟು ಅಲ್ಲೇ ಇರ್ಲಿ," ಎಂದರು.

"ಮಾವಯ್ಯ?"

"ಅರ್ಧ ಊರು ಬಂದೈತೆ ಕಣೋ, ನನ್ನ ಕೂರಿಸಿ ಹೊತ್ಕೊಂಡು ಹೋಗೋಕೆ. ಸೊಣ್ಣ ಅಳತೆ ನೋಡಿ ಗುಂಡಿನೂ ತೋಡವ್ನೆ. ಇಷ್ಟು ಜನಕ್ಕೆ ನಿರಾಸೆ ಯಾಕೆ ಮಾಡ್ಬೇಕು? ಭಾನುವಾರ ನಾನು ಇದೇ ಕಮಾನಿನ ಕೆಳಗೆ, ಇದೇ ಮಡಕೆ ತೊಡೆ ಮೇಲೆ ಇಟ್ಕೊಂಡು ಕೂತ್ಕೋತೀನಿ. ಒಂದು ಮಣೆ ಹಾಕು, ಸಾಕು. ಯಾರು ಮುಂದೆ ಹೋಗ್ತಾರೆ, ಯಾರು ಹಿಂದೆ ಬರ್ತಾರೆ, ನೋಡಾನ."

"ಮಾವ, ನಿಮ್ಮ ವಯಸ್ಸಿಗೆ..." ಎಂದು ಆದಿನಾರಾಯಣಪ್ಪ ಆರಂಭಿಸಿದ.

"ನೀನು ಸುಮ್ಕಿರು. ನೀನು ಬೀಡಿ ಸೇದಲ್ಲ ಅಂತ ನಂಗೊತ್ತು."

ಆದಿನಾರಾಯಣಪ್ಪನಿಗೆ ಇದು ಅರ್ಥವಾಗಲಿಲ್ಲ. ರಾಮಾಂಜಿನಪ್ಪನಿಗೆ ಆಯಿತು. ಅವನು ಸ್ಪಾನರನ್ನು ಕೆಳಗಿಟ್ಟ. ಮಸ್ತಾನ್ ಮಾತ್ರ ತಲೆ ಕೆರೆದುಕೊಂಡು ನನ್ನ ಕಿವಿಯಲ್ಲಿ, "ಸೀಟಿನ ಭಾರ ಇಳಿಸಿದೆ, ಮಾವನ ಭಾರ ಹತ್ತಿತು" ಎಂದ.

ಗುಂಡಿಯೊಳಗೆ ಒಂದು ಜಾಲಿಮುಳ್ಳಿನ ಕೊಂಬೆ ಹಾಕಿ ಭಾನುವಾರದವರೆಗೆ ಅದನ್ನು ಸಮಾಧಾನಪಡಿಸಿ ಇಡುವಂತೆ ಸೊಣ್ಣಪ್ಪನನ್ನು ಒಪ್ಪಿಸಿದರು.

ಭಾನುವಾರ ನಾವು ಒಂದು ಲಾರಿ ಜನ ವಿಮಾನದ ಪಟ್ಟಿಗೆ ಹೋದೆವು. ಯುದ್ಧಕಾಲದಲ್ಲಿ ಯಾರೋ ಮಾಡಿ ಮರೆತು ಹೋಗಿದ್ದ ಪಟ್ಟಿ ಅದು. ಎರಡೂ ಕಡೆ ರಾಗಿ ಕೊಯ್ದ ಹೊಲ. ಕಬ್ಬಿಣ ಬಗ್ಗಿಸಬೇಕಾಗಿದ್ದ ದಿನಗಳೆಲ್ಲ ಅಳು, ಸಮಾಧಾನ, ನೆಂಟರ ಊಟಗಳಲ್ಲೇ ಕಳೆದಿದ್ದರಿಂದ ಮಸ್ತಾನ್ ಬಿದಿರಿನ ಕಮಾನಿಗೇ ಬೆಳ್ಳಿ ಬಣ್ಣ ಬಳಿದು ತಂದಿದ್ದ. ಬೆಂಗಳೂರಿನ ಓಟದ ಅಧಿಕಾರಿ, ದೊಡ್ಡ ಟೋಪಿಯ ಮನುಷ್ಯ, ಅದನ್ನು ಬೆರಳಿನಿಂದ ತಟ್ಟಿದ. ಟೊಕ್ ಎಂದಿತು.

"ಇದೇನ್ರೀ?"

"ಅಮೆರಿಕದ ಲೋಹ ಸಾಹೇಬರೇ," ಎಂದ ಮಸ್ತಾನ್. "ಒಳಗೆ ಟೊಳ್ಳು. ಹಗುರ ಇರ್ಲಿ ಅಂತ."

ಅಧಿಕಾರಿ ಬಿದಿರಿನ ಗಣ್ಣು ಎಣಿಸುವ ಮೊದಲೇ ಅವನ ಕಣ್ಣು ಹಿಂದಕ್ಕೆ ಹೋಯಿತು. ಅಲ್ಲಿ ಮಣೆಯ ಮೇಲೆ, ಹೊಸ ಪಂಚೆ, ಹಣೆಗೆ ವಿಭೂತಿ, ತೊಡೆಯ ಮೇಲೆ ಮಡಕೆ, ಕಣ್ಣು ಅರೆ ಮುಚ್ಚಿ ವೆಂಕಟರಾಮಪ್ಪನವರು ಕೂತಿದ್ದರು. ಮಡಕೆಯ ತೂತಿನಿಂದ ಒಂದು ಬತ್ತಿ ಹಿಂದಿನ ಶಂಖಕ್ಕೆ ಇಳಿಬಿದ್ದಿತ್ತು. ಶಿವಲಿಂಗಕ್ಕೆ ಬಿಟ್ಟಂತೆ ನೀರು ತೊಟ್ಟಿಕ್ಕುತ್ತಿತ್ತು.

ಅಧಿಕಾರಿ ಟೋಪಿ ತೆಗೆದ. "ಇವರು... ಯಾವಾಗ ಹೋದರು?" ಎಂದು ಮೆಲ್ಲಗೆ ಕೇಳಿದ.

"ಇನ್ನೂ ಹೋಗಿಲ್ಲ, ಬಾವುಟ ಬಿದ್ದ ಮೇಲೆ ಹೋಗ್ತೀನಿ," ಎಂದರು ವೃದ್ಧರು.

ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದು ಟೋಪಿ ಹಾಕಿಕೊಂಡ. "ಕಾರಿನಲ್ಲಿ ಓಡಿಸೋನು ಒಬ್ಬನೇ ಇರಬೇಕು. ಯಜಮಾನ್ರು ಇಳೀಬೇಕು."

"ನನ್ನ ಇಳಿಸೋಕೆ ನಾಲ್ಕು ಜನ ಬೇಕು ಸ್ವಾಮಿ. ಆ ನಾಲ್ಕು ಜನ ಬುಧವಾರವೇ ಬಂದು ವಾಪಸ್ ಹೋದ್ರು."

ಲಾರಿಯಲ್ಲಿ ಬಂದ ನಾವೆಲ್ಲ ಕಾರಿನ ಸುತ್ತ ಹೋಗಿ ಸುಮ್ಮನೆ ನಿಂತೆವು. ಜಗಳವಾಡಲಿಲ್ಲ. ನಿಂತೆವು ಅಷ್ಟೇ. ಅಧಿಕಾರಿ ನಮ್ಮನ್ನೂ, ಅಮ್ಮಯಮ್ಮನ ಕೈಯಲ್ಲಿದ್ದ ಕಸಪೊರಕೆಯನ್ನೂ ನೋಡಿದ. ಅವಳು ಅದನ್ನು ಯಾಕೆ ತಂದಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. "ಓಡಿ. ಆದರೆ ಗೆದ್ದರೂ ಗೆದ್ದ ಹಾಗಲ್ಲ," ಎಂದು ಹೇಳಿ ಬಾವುಟ ತೆಗೆದುಕೊಂಡ.

ಬಾವುಟ ಬಿತ್ತು. ಅಂಬಾಸಿಡರ್ ಹೊರಟಿತು. ನಮ್ಮ ಕಾರು ಹೊರಟಿತೆಂದು ಹೇಳಲಾರೆ. ನಡುಗಿತು. ಕೆಮ್ಮಿತು. ಕಾಲು ಜೋಮು ಹಿಡಿದ ಎತ್ತಿನ ಹಾಗೆ ನಾಲ್ಕು ಹೆಜ್ಜೆ ಹಾಕಿತು. ರಾಮಾಂಜಿನಪ್ಪ ಪೆಡಲನ್ನು ತಗಡಿನವರೆಗೆ ಒತ್ತಿ ಹಿಡಿದಿದ್ದ. ಕಾರು ಯೋಚನೆ ಮಾಡುತ್ತಿತ್ತು. ಅರ್ಧ ದಾರಿಯಲ್ಲಿ ಆದಿನಾರಾಯಣಪ್ಪನ ಕಿಟಕಿಯಿಂದ ಆ ಕೈ ಹೊರಗೆ ಬಂತು. ಅಂಗೈ ಕೆಳಗೆ ಮಾಡಿ ಆಡಿತು.

"ಕಂಡೆಯೇನೋ?" ಎಂದು ಮಾವ ಕೂಗಿದ್ದು ನಮಗೂ ಕೇಳಿಸಿತು.

"ಕಂಡೆ ಮಾವ!"

ಆಗ ಶಂಖ ಕೂಗಿತು. ಅಂಥ ಕೂಗನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಮೊದಲು ಸೊಳ್ಳೆಯ ಹಾಗೆ, ಆಮೇಲೆ ಗುಡಿಯ ಶಂಖದ ಹಾಗೆ, ಆಮೇಲೆ ಹೊಲದಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದವು. ಕಾರಿನ ಮೂತಿ ಮೇಲೆದ್ದಿತು. ಮಣೆ ಹಿಂದಕ್ಕೆ ಜಾರಿತು. ವೃದ್ಧರ ಕಾಲು ಆಕಾಶಕ್ಕೆ ಎದ್ದರೂ ಮಡಕೆ ಬಿಡಲಿಲ್ಲ. ಕಾರು ಪಟ್ಟಿಯನ್ನು ನುಂಗಿಕೊಂಡು ಹೋಗಿ, ಸುಣ್ಣದ ಗೆರೆಗೆ ಇನ್ನು ಎರಡು ಮಾರು ಇದೆ ಎನ್ನುವಾಗ ಅಂಬಾಸಿಡರಿನ ಮಗ್ಗುಲಿಗೆ ಬಂತು. ದಾಟುವ ಆ ಕ್ಷಣದಲ್ಲಿ ವೆಂಕಟರಾಮಪ್ಪನವರು ಒಂದು ಕೈಯಲ್ಲಿ ಮಡಕೆ ಅವುಚಿ ಹಿಡಿದು, ಇನ್ನೊಂದು ಕೈಯನ್ನು ನಿಧಾನವಾಗಿ ಹೊರಗೆ ಚಾಚಿದರು. ಅಂಗೈ ಕೆಳಗೆ ಮಾಡಿದರು. ಆಡಿಸಿದರು. ದಿನವೂ ಕಾಫಿಯ ಜೊತೆಗೆ ಅಭ್ಯಾಸ ಮಾಡಿದ್ದ ಕೈ ಅದು, ಒಂದಿಷ್ಟೂ ತಪ್ಪಲಿಲ್ಲ.

ಗೆರೆ ದಾಟಿದ ಮೇಲೆ ಕಾರು ಯಾರ ಮಾತೂ ಕೇಳಲಿಲ್ಲ, ಮಸ್ತಾನ್ ಹೇಳಿದ್ದ ಹಾಗೆಯೇ. ಪಟ್ಟಿ ಮುಗಿಯಿತು, ಹೊಲ ಶುರುವಾಯಿತು, ರಾಗಿ ಮೆದೆಯೊಂದರ ಒಳಗೆ ಅರ್ಧ ಹೊಕ್ಕು ನಿಂತಿತು. ನಿಂತ ಮೇಲೆ ಹಿಂದೆ ಢಮ್ ಎಂದಿತು. ಓಡಿಹೋಗಿ ನೋಡಿದರೆ ಹುಲ್ಲಿನ ನಡುವೆ, ಬೆಳ್ಳಿ ಕಮಾನಿನ ಕೆಳಗೆ, ಮಾವನವರು ಮಡಕೆಯ ಕಂಠ ಒಂದನ್ನೇ ಹಿಡಿದುಕೊಂಡು ಕೂತಿದ್ದರು. ಪಂಚೆ ಪೂರ್ತಿ ಒದ್ದೆ.

"ಇದ್ದೀಯೇನೋ?" ಎಂದರು ಮುಂದೆ ನೋಡಿ.

"ಇದ್ದೀನಿ ಮಾವ," ಎಂದ ರಾಮಾಂಜಿನಪ್ಪ. ಅವತ್ತಿನಿಂದ ಅವನು ಮಾವಯ್ಯ ಎನ್ನುವುದನ್ನು ಬಿಟ್ಟ. ಒಂದು ಕಾರಿನಲ್ಲಿ ಹಾರಿದವರ ನಡುವೆ ಅಷ್ಟು ಮರ್ಯಾದೆ ಉಳಿಯುವುದಿಲ್ಲ.

ಮುಚ್ಚಳ ಎತ್ತಿದರೆ ಶಂಖ ಸೀಳಿಹೋಗಿತ್ತು. ಮಸ್ತಾನ್ ಅದನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡ. ಅಧಿಕಾರಿ ಬಂದು ಬಹುಮಾನದ ಬಟ್ಟಲು ಅಂಬಾಸಿಡರಿಗೆ ಹೋಗುತ್ತದೆ ಎಂದ. ಹೋಗಲಿ, ಅವರ ಮನೆಯಲ್ಲಿ ಊಟಕ್ಕೆ ಬಟ್ಟಲು ಸಾಲದು ಎಂದರು ವೆಂಕಟರಾಮಪ್ಪನವರು.

ಆಮೇಲೆ ನಮ್ಮ ಲಾರಿಯಲ್ಲೇ ಬಂದಿದ್ದ ಸೊಣ್ಣಪ್ಪನ ಕಡೆ ತಿರುಗಿ, "ಗುಂಡಿ ಇನ್ನೂ ಬಾಯಿ ತೆರಕೊಂಡೇ ಐತೇನೋ?" ಎಂದು ಕೇಳಿದರು.

"ಐತೆ ಯಜಮಾನ್ರೇ. ನಿಮ್ಮನ್ನೇ ಕೇಳ್ತೈತೆ."

"ನನ್ನ ಕೇಳಿದ್ರೆ ನಾನು ಬರಲ್ಲ ಅಂತ ಹೇಳು. ಬದಲಿಗೆ ಇದ್ದಾನೆ."

ಅದೇ ಸಂಜೆ ನಮ್ಮ ಬೀದಿಯಿಂದ ಮೆರವಣಿಗೆ ಹೊರಟಿತು. ಬೆಳ್ಳಿ ಬಣ್ಣದ ಕಮಾನನ್ನು ಕಾರಿನಿಂದ ಬಿಚ್ಚಿ ಚಟ್ಟಕ್ಕೆ ಕಟ್ಟಿದರು. ಬಿದಿರು ಕೊನೆಗೂ ಬೀದಿಯವರು ಅಂದುಕೊಂಡಿದ್ದ ಕೆಲಸಕ್ಕೇ ಬಂತು. ಕಮಾನಿನ ಕೆಳಗೆ, ಮಣೆಯ ಮೇಲೆ, ಹೂವಿನ ಹಾರ ಹಾಕಿಸಿಕೊಂಡು ಶಂಖ ಕೂತಿತ್ತು. ಮುಂದೆ ವೆಂಕಟರಾಮಪ್ಪನವರು ಮಡಕೆಯ ಕಂಠ ಹಿಡಿದು ನಡೆದರು. ಮುನಿರತ್ನಮ್ಮ ಬೇಡ ಬೇಡವೆಂದುಕೊಂಡೇ ನಾಲ್ಕು ಹನಿ ಅತ್ತಳು. ಬುಧವಾರದ್ದು ಇನ್ನೂ ಸ್ವಲ್ಪ ಉಳಿದಿರಬೇಕು. ಹೊಂಗೆಮರದ ನೆರಳಿನಲ್ಲಿ ಗುಂಡಿ ಮುಚ್ಚಿದ ಮೇಲೆ ಸೊಣ್ಣಪ್ಪ ಕೈ ಕೊಡವಿಕೊಂಡು, "ಮೂರನೇ ದಿನಕ್ಕೆ ಹಾಲು ತುಪ್ಪ ಬಿಡ್ತೀರಾ?" ಎಂದ.

"ಅವನು ಹಾಲು ಕುಡಿದವನಲ್ಲ," ಎಂದರು ವೃದ್ಧರು. "ಎಣ್ಣೆ ಬಿಡಾನ."

ಸೀಟನ್ನು ಮಾರನೇ ದಿನವೇ ಕೋಳಿಯಿಂದ ಬಿಡಿಸಿ ಕಾರಿಗೆ ಕೂರಿಸಿದರು. ಮೂರನೇ ದಿನ ಎಲ್ಲರೂ ತಲೆಗೆ ಸ್ನಾನ ಮಾಡಿ ಸ್ಮಶಾನಕ್ಕೆ ಹೋದೆವು. ಆದಿನಾರಾಯಣಪ್ಪನೂ ಬಂದಿದ್ದ, ಮಾವನ ಮನೆಯ ಕಾರ್ಯಕ್ಕೆ ಹಿರಿಯ ಅಳಿಯ ಬಾರದೆ ಇರುವಂತಿಲ್ಲ. ಮೂಲೆಯಲ್ಲಿ, ಒದ್ದೆ ತಲೆಯಲ್ಲಿ, ಮುಖ ಕೆಳಗೆ ಹಾಕಿ ನಿಂತಿದ್ದ. ರಾಮಾಂಜಿನಪ್ಪ ಎಣ್ಣೆ ಬಿಟ್ಟ, ಮಸ್ತಾನ್ ಬಿಟ್ಟ, ನಾನೂ ಒಂದಿಷ್ಟು ಬಿಟ್ಟೆ. ಕೊನೆಗೆ ವೆಂಕಟರಾಮಪ್ಪನವರು ಲೋಟವನ್ನು ಹಿರಿಯ ಅಳಿಯನ ಕೈಗೆ ಕೊಟ್ಟರು.

"ನೀನೂ ಬಿಡಪ್ಪ. ನಿಧಾನವಾಗಿ ಬಿಡು," ಎಂದು ಅಂಗೈ ಕೆಳಗೆ ಮಾಡಿ ತೋರಿಸಿದರು.